ಸಹಪಾಠಿಗಳ ಸ್ಮರಣೆ ಸಮಗ್ರವಾಗಲಿ

ವಿದ್ಯಾಸಂಸ್ಥೆಯೊಂದರ ಬಾಳಿನಲ್ಲಿ ಬೆಳ್ಳಿಹಬ್ಬ, ಚಿನ್ನದ ಹಬ್ಬ, ವಜ್ರಮಹೋತ್ಸವಗಳು ಒದಗಿ ಬಂದಾಗ ಅಲ್ಲಿ ಕಲಿತು ಹೋದವರನ್ನು ನೆನೆಯುವುದು ಸಹಜವೂ ಹೌದು, ಉಚಿತವೂ ಹೌದು. ಅಂತಹ ಸಂದರ್ಭಗಳಲ್ಲಿ ಹೊರಬರುವ ಸ್ಮರಣ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿಯೊಂದು ತಪ್ಪದೆ ಇರುತ್ತದೆ. ವೈದ್ಯರು, ಎಂಜಿನಿಯರುಗಳು, ಪ್ರಾಧ್ಯಾಪಕರು, ನ್ಯಾಯವಾದಿಗಳು, ಶಾಸಕರು, ಸರಕಾರದ ಹಿರಿಯ ಅಧಿಕಾರಿಗಳು, ಹೊರದೇಶಗಳಲ್ಲಿ ನೆಲೆಸಿದವರು, ಹೀಗೆ ಪದವಿ ಹುದ್ದೆಗಳೊಡನೆ ಹೆಸರುಗಳು ಸಾಲುಗೊಂಡಿರುತ್ತವೆ. ಓದಿದವರಿಗೆ ಅಭಿಮಾನ ಉಂಟಾಗುತ್ತದೆ. ದಾನಿಗಳಿಗೆ ತಾವು ಕೊಟ್ಟದ್ದು ಸಾರ್ಥಕವಾಯಿತೆಂಬ ತೃಪ್ತಿ ದೊರೆಯುತ್ತದೆ. ಪಟ್ಟಿಯ ಕಟ್ಟಕಡೆಗೆ ‘ಮುಂತಾದವರು’ ಎಂಬ ಒಂದು ಶಬ್ದ ಬಂದು ಕುಳಿತುಕೊಳ್ಳುತ್ತದೆ. ತರಗತಿಯ ಬಹುಪಾಲು ಮಕ್ಕಳು ಆ ಒಂದು ಶಬ್ದದೊಳಗೆ ಅಡಗಿಹೋಗುತ್ತಾರೆ.

ಇತ್ಯಾದಿ, ಮುಂತಾದ, ಮೊದಲಾದ ಎಂಬ ಮಾತುಗಳ ಬಳಕೆಗೆ ಒಂದು ಕ್ರಮವುಂಟು. ಹೇಳಿದ ಒಂದೆರಡು ಹೆಸರುಗಳಿಂದ ಹೇಳದೆ ಬಿಟ್ಟವನ್ನು ಓದುಗನು ತಾನೇ ಊಹಿಸಿಕೊಳ್ಳಬಲ್ಲನೆಂಬ ಭರವಸೆ ಇದ್ದಾಗ ಮಾತ್ರ ಅವು ಸಾಧುವೆನಿಸುತ್ತವೆ. ‘ಕೃಷ್ಣೆ ಮೊದಲಾದ ನದಿಗಳು’ ಎಂದೊಡನೆ ತುಂಗಭದ್ರೆ, ಕಾವೇರಿಗಳು ಮನಸ್ಸಿಗೆ ಬರುತ್ತವೆ. ಆದರೆ ‘ಜಿಲ್ಲಾಧಿಕಾರಿ ಮುಂತಾದವರು’ ಎಂದಾಗ, ಹಿಂದಿನ ಸಾಲಿನಲ್ಲಿ ಕುಳಿತು, ಒಂಬತ್ತನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟು, ನೇಗಿಲು ಹಿಡಿದ ಹುಡುಗನು ಯಾರ ಮನಸ್ಸಿಗೂ ಬರುವುದಿಲ್ಲ. ಅವನು ಊಹೆಗೆ ನಿಲುಕುವವನಲ್ಲ. ಹೆಸರು ಹಿಡಿದು ಹೇಳಿದರೆ ಮಾತ್ರ ಉಳಿಯುವವನು. ಅವನ ಹೆಸರು ಸೇರದ ಹೊರತು ಒಂದು ತರಗತಿಯ ಸ್ಮರಣೆ ಪೂರ್ಣವಾಯಿತೆಂದು ಹೇಳಲಾಗದು.

‘ಸಹಪಾಠಿ’ ಎಂಬ ಶಬ್ದವನ್ನೇ ಬಿಡಿಸಿ ನೋಡಬಹುದು. ಒಡನೆ ಪಾಠ ಓದಿದವನು ಎಂಬಷ್ಟೇ ಅದರ ಅರ್ಥ. ಇದಕ್ಕೆ ಸಮೀಪವಾದ ಇನ್ನೊಂದು ಶಬ್ದ ‘ಸತೀರ್ಥ್ಯ’. ತೀರ್ಥವೆಂದರೆ ಇಲ್ಲಿ ಗುರು. ಒಬ್ಬನೇ ಗುರುವುಳ್ಳವರು ಸತೀರ್ಥ್ಯರೆಂದು ಅಮರಕೋಶ ಅರ್ಥ ಹೇಳುತ್ತದೆ. ಈ ಎರಡು ಶಬ್ದಗಳಲ್ಲಿಯೂ ಉತ್ತೀರ್ಣನಾದವನು, ಅನುತ್ತೀರ್ಣನಾದವನು ಎಂಬ ಭೇದದ ಸುಳಿವಿಲ್ಲ. ಎಷ್ಟು ಕಾಲ ಓದಿದ, ಮುಂದೆ ಏನಾದ ಎಂಬ ಪ್ರಶ್ನೆಯೂ ಇಲ್ಲ. ಒಂದು ವರ್ಷ ಒಡನೆ ಕುಳಿತು ಗುರುವಿನ ಬಾಯಿಂದ ಒಂದೇ ಪದ್ಯದ ಅರ್ಥವನ್ನು ಕೇಳಿದವನು ಜೀವಮಾನವಿಡೀ ಸಹಪಾಠಿಯೇ ಆಗಿರುತ್ತಾನೆ.

ಮಾತು ಸ್ಪಷ್ಟವಾಗುವುದಕ್ಕೆ ಒಂದು ಕಾಲವನ್ನೂ ಒಂದು ಸೀಮೆಯನ್ನೂ ಆರಿಸಿಕೊಳ್ಳುವುದು ಮೇಲು. ಆಗಿನ ಬಿಜಾಪುರ ಜಿಲ್ಲೆಯ ಗ್ರಾಮಾಂತರ ಪ್ರೌಢಶಾಲೆಗಳಲ್ಲಿ ೧೯೭೦ರ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಸೇರಿದ ಮಕ್ಕಳನ್ನು ನೆನೆಯಬಹುದು. ಅವರು ಸೇರಿದಾಗ ರಾಜ್ಯದ ಹೆಸರು ಮೈಸೂರು. ಮೂರು ವರ್ಷ ಕಲಿತು, ೧೯೭೩ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿ ಅವರು ಹೊರಬಂದ ಕೆಲವೇ ತಿಂಗಳಿಗೆ, ನವೆಂಬರ್ ೧ರಂದು, ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಈ ಎರಡು ದಿನಾಂಕಗಳ ನಡುವೆ ೧೯೭೨ರ ಬರಗಾಲವಿದೆ. ಮಳೆ ಕೈಕೊಟ್ಟು ಉತ್ತರ ಕರ್ನಾಟಕದ ಬಯಲುಸೀಮೆಯೂ ನೆರೆಯ ಮಹಾರಾಷ್ಟ್ರವೂ ಒಟ್ಟಿಗೆ ಬೆಂದುಹೋದ ವರ್ಷವದು. ಬಾವಿಗಳು ಬತ್ತಿದವು, ಹಗೇವುಗಳಲ್ಲಿ ಜೋಳ ತೀರಿತು, ದನಗಳು ಸಂತೆಯಲ್ಲಿ ಬಂದ ಬೆಲೆಗೆ ಹೋದವು. ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆಯಲು, ಮಣ್ಣು ಹೊರಲು ತಂದೆತಾಯಿಗಳೊಡನೆ ಮಕ್ಕಳೂ ಹೋದರು. ಎಂಟನೆಯ ತರಗತಿಗೆ ಸೇರಿದವರೆಲ್ಲರೂ ಹತ್ತನೆಯ ತರಗತಿಯ ಕೋಣೆಯನ್ನು ಕಾಣಲಿಲ್ಲ.

ತರಗತಿಯ ಚಿತ್ರಪಟವನ್ನು ತೆಗೆಯಿಸುವುದು ಯಾವಾಗಲೂ ಹತ್ತನೆಯ ತರಗತಿಯ ಕೊನೆಯಲ್ಲಿ, ಬೀಳ್ಕೊಡುಗೆಯ ದಿನ. ನಡುವೆ ಮುಖ್ಯಾಧ್ಯಾಪಕರು, ಅವರ ಎಡಬಲಕ್ಕೆ ಅಧ್ಯಾಪಕ ವೃಂದ, ಕೆಳಗೆ ನೆಲದ ಮೇಲೆ ಒಂದು ಸಾಲು, ಹಿಂದೆ ಬೆಂಚಿನ ಮೇಲೆ ನಿಂತ ಎರಡು ಸಾಲು. ಮುಂದೆ ಹಳೆಯ ವಿದ್ಯಾರ್ಥಿಗಳು ಸೇರಿದಾಗಲೆಲ್ಲ ಆ ಪಟವೇ ಪ್ರಮಾಣ. ಅದರಲ್ಲಿ ಇರುವವರನ್ನು ಬೆರಳಿಟ್ಟು ಗುರುತಿಸುತ್ತಾರೆ, ಎಣಿಸುತ್ತಾರೆ, ತೀರಿಕೊಂಡವರಿಗೆ ಮರುಗುತ್ತಾರೆ. ಪಟ ತೆಗೆಯುವ ಮೊದಲೇ ಶಾಲೆ ಬಿಟ್ಟವರು ಆ ಎಣಿಕೆಗೆ ಎಂದೂ ಸಿಕ್ಕುವುದಿಲ್ಲ. ಪಟದಲ್ಲಿ ಇಲ್ಲದವರು ತರಗತಿಯಲ್ಲಿಯೇ ಇರಲಿಲ್ಲವೆಂಬಂತೆ ಮನಸ್ಸು ಒಪ್ಪಿಕೊಂಡುಬಿಡುತ್ತದೆ.

ಅವರು ಇದ್ದರೆಂದು ಸಾರುವ ಸಾಕ್ಷಿ ಒಂದೇ ಒಂದು: ಶಾಲೆಯ ದಾಖಲಾತಿ ಪುಸ್ತಕ. ಸೇರಿದ ದಿನಾಂಕ, ತಂದೆಯ ಹೆಸರು, ಊರು, ಹುಟ್ಟಿದ ದಿನಗಳನ್ನು ಬರೆದಾದ ಮೇಲೆ ಅದರಲ್ಲಿ ಶಾಲೆ ಬಿಟ್ಟ ದಿನಾಂಕಕ್ಕೆ ಒಂದು ಅಂಕಣ, ಬಿಟ್ಟ ಕಾರಣಕ್ಕೆ ಒಂದು ಅಂಕಣ ಇರುತ್ತವೆ. ಕಾರಣದ ಅಂಕಣದಲ್ಲಿ ಕಾಣುವ ಮಾತುಗಳು ಬಹಳ ಚಿಕ್ಕವು. ‘ಪಾಲಕರ ಇಚ್ಛೆಯ ಮೇರೆಗೆ’, ‘ದೀರ್ಘ ಗೈರುಹಾಜರಿ’. ಆ ಪಾಲಕನ ಇಚ್ಛೆಯ ಹಿಂದೆ ಬರಿದಾದ ಹಗೇವು ಇರಬಹುದು. ಗೈರುಹಾಜರಿಯ ಹಿಂದೆ ತಂದೆಯ ಸಾವು ಇರಬಹುದು. ಹೆಣ್ಣುಮಗಳಾದರೆ ಹದಿನಾಲ್ಕನೆಯ ವಯಸ್ಸಿನ ಮದುವೆ ಇರಬಹುದು. ಇಂಗ್ಲಿಷು, ಗಣಿತಗಳಲ್ಲಿ ನಪಾಸಾದ ನಾಚಿಕೆಯೂ ಇರಬಹುದು. ಲೆಕ್ಕಣಿಕೆ ಇಷ್ಟನ್ನೂ ಎರಡೇ ಶಬ್ದಗಳಲ್ಲಿ ಮುಗಿಸಿ ಮುಂದಿನ ಸಾಲಿಗೆ ಹೋಗಿದೆ.

ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ಅಂದಿನ ತರಗತಿಗಳಲ್ಲಿ ಕೋಣೆ ಒಂದೇ ಆಗಿದ್ದರೂ ಕುಡಿಯುವ ನೀರಿನ ಕೊಡ ಎಲ್ಲರಿಗೂ ಒಂದೇ ಆಗಿರಲಿಲ್ಲ. ಊರ ಹೊರಗಿನ ಕೇರಿಯಿಂದ ಬಂದ ಮಕ್ಕಳಲ್ಲಿ ಎಷ್ಟೋ ಮಂದಿ ಗೋಡೆಯ ಬದಿಗೆ ಬೇರೆ ಕುಳಿತು ಕಲಿತರು. ಎಷ್ಟೋ ಮಂದಿ ಅದನ್ನು ತಾಳಲಾರದೆ ಬಿಟ್ಟರು. ಅವರ ಪಾಲಿಗೆ ತರಗತಿಯ ನೆನಪು ಸಿಹಿಯಾಗಿರಲಿಕ್ಕಿಲ್ಲ. ಅವರನ್ನು ಹುಡುಕಿ ಹೋಗುವವರು ಹಾರ, ಶಾಲುಗಳನ್ನು ಹಿಡಿದು ಹೋಗುವುದಕ್ಕಿಂತ ಮೊದಲು ಅವರು ಹೇಳುವುದನ್ನು ಕೇಳಿಸಿಕೊಳ್ಳುವ ಸಹನೆಯನ್ನು ಒಯ್ಯಬೇಕು. ಅಂತಹ ಮಾತನ್ನು ಹೊರಗಿಟ್ಟು ಬರೆದ ಸಂಸ್ಥೆಯ ಇತಿಹಾಸ ಅರ್ಧ ಇತಿಹಾಸವಾಗುತ್ತದೆ.

ಕನ್ನಡ ನಾಡಿನ ಸ್ಮರಣೆಯ ಪದ್ಧತಿ ಈ ವಿಷಯದಲ್ಲಿ ಎಷ್ಟು ಉದಾರವಾಗಿತ್ತೆಂಬುದನ್ನು ನೆನೆಯುವುದು ಪ್ರಯೋಜನಕರ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನಗಿಂತ ಹಿಂದಿನ ಗದ್ಯಕಾರರೆಂದು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳು ಇಂದು ಉಳಿದಿಲ್ಲ. ಆದರೂ ಸಾವಿರದ ನೂರು ವರ್ಷಗಳಿಗೂ ಮೀರಿ ಅವರು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಇದ್ದಾರೆ. ಯಾರೋ ಒಬ್ಬರು ಹೆಸರನ್ನು ಬರೆದಿಟ್ಟ ಪುಣ್ಯವದು. ೧೯೦೭, ೧೯೧೯ ಮತ್ತು ೧೯೨೯ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಕರ್ಣಾಟಕ ಕವಿಚರಿತೆಯಲ್ಲಿ ಆರ್. ನರಸಿಂಹಾಚಾರ್ಯರು ಪಂಪ, ರನ್ನರಂಥವರೊಡನೆ ಅಲ್ಪಪ್ರಸಿದ್ಧರಾದ ಕವಿಗಳನ್ನೂ ಶತಮಾನದ ಕ್ರಮದಲ್ಲಿ ನಿಲ್ಲಿಸಿದರು. ಮಹಾಕವಿಗಳು ಹೇಗೂ ಉಳಿಯುತ್ತಿದ್ದರು. ಆ ಗ್ರಂಥದ ಉಪಕಾರ ಸಲ್ಲುವುದು ಉಳಿದವರಿಗೆ.

ಇನ್ನು ವೀರಗಲ್ಲುಗಳು. ನಾಡಿನ ಹಳ್ಳಿಹಳ್ಳಿಗಳಲ್ಲಿ ಊರ ಮುಂದೆ, ಕೆರೆಯ ಏರಿಯ ಮೇಲೆ ನಿಂತಿರುವ ಈ ಕಲ್ಲುಗಳು ಗೆದ್ದು ಬಂದವರ ಸ್ಮಾರಕಗಳಲ್ಲ. ತುರುಗಳನ್ನು ಬಿಡಿಸಲು ಹೋಗಿ, ಊರನ್ನು ಕಾಯಲು ಹೋಗಿ ಬಿದ್ದವರಿಗಾಗಿ ಅವುಗಳನ್ನು ನಿಲ್ಲಿಸಲಾಯಿತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಿಲೆಯೊಂದು ಇನ್ನೂ ಮುಂದೆ ಹೋಗಿದೆ. ಗಂಗದೊರೆ ಬೂತುಗನ ಸೇವಕನಾದ ಮಣಲೇರನು, ಕಾಡುಹಂದಿಯೊಡನೆ ಸೆಣಸಿ ಸತ್ತ ತನ್ನ ಬೇಟೆನಾಯಿ ಕಾಳಿಗೆ ಆ ಕಲ್ಲನ್ನು ಹಾಕಿಸಿದನು. ಒಡನಿದ್ದ ನಾಯಿಗೂ ಹೆಸರು ಹಿಡಿದು ಕಲ್ಲು ನಿಲ್ಲಿಸಿದ ನಾಡಿನಲ್ಲಿ, ಒಂದೇ ಬೆಂಚಿನಲ್ಲಿ ಕುಳಿತ ಒಡನಾಡಿಯ ಹೆಸರು ‘ಮುಂತಾದವರು’ ಎಂಬುದರಲ್ಲಿ ಕರಗಿಹೋಗುವುದು ಒಪ್ಪುವ ಮಾತಲ್ಲ.

ಹುಡುಕುವ ಕಾರ್ಯ ಸುಲಭವೇನೂ ಅಲ್ಲ. ೧೯೫೬ರ ಏಕೀಕರಣಕ್ಕೆ ಮೊದಲಿನ ತರಗತಿಗಳಾದರೆ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು ಆಡಳಿತಗಳ ಬೇರೆ ಬೇರೆ ಪದ್ಧತಿಗಳನ್ನು ತಿಳಿದಿರಬೇಕಾಗುತ್ತದೆ. ೧೯೬೬ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಏರ್ಪಟ್ಟ ಅನಂತರದ ತರಗತಿಗಳಿಗೆ ಆ ತೊಡಕು ಕಡಿಮೆ. ಆದರೆ ಪರೀಕ್ಷೆಯ ದಾಖಲೆ ಪರೀಕ್ಷೆಗೆ ಕುಳಿತವರದು ಮಾತ್ರ. ಆದಕಾರಣ ದಾಖಲಾತಿ ಪುಸ್ತಕವನ್ನೇ ಮೂಲವಾಗಿಟ್ಟುಕೊಂಡು, ಶಾಲೆ ಬಿಟ್ಟ ಪ್ರಮಾಣಪತ್ರಗಳ ಪ್ರತಿಗಳು, ಉಳಿದಿದ್ದರೆ ಹಾಜರಿ ಪುಸ್ತಕಗಳು, ಪ್ರಸಾದ ನಿಲಯದ ವಹಿಗಳು ಇವುಗಳೊಡನೆ ತಾಳೆ ನೋಡಬೇಕು. ಪ್ರಸಾದ ನಿಲಯದ ವಹಿ ವಿಶೇಷ ನೆರವಿನದು. ಯಾವ ಹುಡುಗ ಯಾವ ಊರಿನಿಂದ ಬಂದ, ಎಂದಿನಿಂದ ಎಂದಿನವರೆಗೆ ಪಂಕ್ತಿಯಲ್ಲಿ ಕುಳಿತ ಎಂಬುದನ್ನು ಅದು ಅಂಕಗಳ ಲೆಕ್ಕ ಹಿಡಿಯದೆ ಹೇಳುತ್ತದೆ. ಪ್ರಥಮ ಶ್ರೇಣಿಯವನಿಗೆ ಒಂದು ರೊಟ್ಟಿ ಹೆಚ್ಚು ಬಡಿಸಿದ ಪ್ರಸಾದ ನಿಲಯ ಇದ್ದಿರಲಾರದು.

ದಾಖಲೆ ದೊರೆತ ಮೇಲೂ ತೊಡಕುಗಳುಂಟು. ಮೊದಲನೆಯದು ಹೆಸರು. ಒಂದೇ ತರಗತಿಯಲ್ಲಿ ಮೂವರು ಬಸವರಾಜರು, ನಾಲ್ವರು ಮಲ್ಲಪ್ಪಗಳು ಇರುವುದು ಈ ಸೀಮೆಯಲ್ಲಿ ಹೊಸದೇನಲ್ಲ. ಅಡ್ಡಹೆಸರೂ ನೆಚ್ಚುವಂತಹುದಲ್ಲ, ಶಾಲೆಯಲ್ಲಿ ವೃತ್ತಿಯಿಂದ ಬಂದ ಅಡ್ಡಹೆಸರು ಬರೆಯಿಸಿದವನು ಮುಂದೆ ಊರ ಹೆಸರನ್ನು ಇಟ್ಟುಕೊಂಡಿರಬಹುದು. ಹೆಣ್ಣುಮಕ್ಕಳಿಗೆ ಮದುವೆಯಾದೊಡನೆ ಅಡ್ಡಹೆಸರು ಬದಲಾಗುತ್ತದೆ. ಕೆಲವು ಮನೆತನಗಳಲ್ಲಿ ಹುಟ್ಟುಹೆಸರೂ ಬದಲಾಗುತ್ತದೆ. ತವರಿನವರನ್ನು ಕೇಳದೆ ಅವರನ್ನು ಗುರುತಿಸುವುದು ಅಸಾಧ್ಯ. ಜನ್ಮದಿನಾಂಕದ ನೆರವೂ ಅಷ್ಟಕ್ಕಷ್ಟೆ. ಮನೆಯಲ್ಲಿ ಬರೆದಿಟ್ಟ ತಿಥಿಯಿಲ್ಲದ ಮಕ್ಕಳಿಗೆ ಗುರುಗಳು ಶಾಲೆ ಆರಂಭವಾಗುವ ದಿನವನ್ನು ಹಿಡಿದು ಜೂನ್ ೧ ಎಂದು ಬರೆದುಕೊಂಡರು. ಆದ್ದರಿಂದ ಹಳೆಯ ದಾಖಲೆಗಳಲ್ಲಿ ಜೂನ್ ೧ರಂದು ಹುಟ್ಟಿದವರ ಸಂಖ್ಯೆ ಅತಿಯಾಗಿದೆ.

ಎರಡನೆಯ ತೊಡಕು ಊರು. ಹಳೆಯ ಪುಸ್ತಕದಲ್ಲಿ ‘ಬಿಜಾಪುರ ಜಿಲ್ಲೆ’ ಎಂದಿರುವ ಎಷ್ಟೋ ಊರುಗಳು ೧೯೯೭ರಿಂದ ಬಾಗಲಕೋಟೆ ಜಿಲ್ಲೆಯಲ್ಲಿವೆ. ಬಿಜಾಪುರವೇ ೨೦೧೪ರಲ್ಲಿ ವಿಜಯಪುರವಾಯಿತು. ಕೃಷ್ಣೆಯ ದಂಡೆಯ ಊರುಗಳ ಪಾಡು ಇದಕ್ಕಿಂತ ಕಠಿಣ. ಆಲಮಟ್ಟಿಯ ಅಣೆಕಟ್ಟಿಗೆ ೧೯೬೪ರಲ್ಲಿ ಅಡಿಗಲ್ಲು ಬಿದ್ದಿತು. ೨೦೦೦ದಲ್ಲಿ ಸಮುದ್ರಮಟ್ಟದಿಂದ ೫೧೯.೬ ಮೀಟರಿನವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟಿನ ಒಪ್ಪಿಗೆ ದೊರೆಯಿತು. ದಂಡೆಯ ಹಳ್ಳಿಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದವು; ಹಳೆಯ ಬಾಗಲಕೋಟೆಯ ಒಂದು ಭಾಗವೇ ನೀರಿನ ಪಾಲಾಗಿ ಜನ ನವನಗರ ಸೇರಿದರು. ದಾಖಲಾತಿ ಪುಸ್ತಕದಲ್ಲಿ ಬರೆದ ಊರಿನ ಅಗಸಿಯೇ ಹಿನ್ನೀರಿನ ಅಡಿಯಲ್ಲಿರುವಾಗ, ‘ಇಂಥವರ ಮಗ ಎಲ್ಲಿ?’ ಎಂದು ಕಟ್ಟೆಯ ಮೇಲಿನ ಹಿರಿಯರನ್ನು ಕೇಳುವುದಕ್ಕೆ ಆ ಕಟ್ಟೆಯೇ ಇರುವುದಿಲ್ಲ.

ಬರಗಾಲದಲ್ಲಿ ದುಡಿಯಲು ಹೋದವರ ದಾರಿ ಇನ್ನೂ ಉದ್ದ. ಸೊಲ್ಲಾಪುರ, ಪುಣೆ, ಮುಂಬಯಿ, ಗೋವೆಗಳತ್ತ ಹೋದವರಲ್ಲಿ ಕೆಲವರು ಮಳೆಯಾದ ಮೇಲೆ ಮರಳಿದರು, ಕೆಲವರು ಅಲ್ಲಿಯೇ ನೆಲೆಸಿದರು. ಗಿರಣಿ ಸೇರಿದವರು ಮುಂಬಯಿಯ ೧೯೮೨ರ ಜವಳಿ ಗಿರಣಿ ಮುಷ್ಕರದಿಂದ ಎರಡನೆಯ ಸಲ ಚದುರಿಹೋದರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲೆಲ್ಲ ದುಡಿದು ರಾತ್ರಿ ಓದಿ, ಊರಲ್ಲಿ ಬಿಟ್ಟ ಪಾಠವನ್ನು ಮುಗಿಸಿದವರೂ ಉಂಟು. ಬಿಟ್ಟು ಬಂದ ಶಾಲೆಯ ದಾಖಲೆಯಲ್ಲಿ ಅಂಥವನು ಇಂದಿಗೂ ‘ದೀರ್ಘ ಗೈರುಹಾಜರಿ’ಯವನೇ. ತಾನು ಆರಂಭಿಸಿದ ವಿದ್ಯೆ ಮತ್ತೊಂದೆಡೆ ಫಲಿಸಿತೆಂಬ ಸಂತೋಷವನ್ನು ಆ ಶಾಲೆ ಪಡೆಯಲೇ ಇಲ್ಲ.

ಈಗ ಕೈಯಲ್ಲಿ ದೂರವಾಣಿಯಿದೆ, ವಾಟ್ಸ್ಆ್ಯಪ್ ಬಳಗಗಳಿವೆ, ಹುಡುಕುವುದೇನು ಕಷ್ಟ ಎಂದು ಕೇಳುವವರುಂಟು. ಅಂತಹ ಬಳಗಗಳಿಂದ ಉಪಕಾರವಾಗಿದೆ ಎಂಬುದು ನಿಜ. ಆದರೆ ಅವುಗಳಲ್ಲಿ ಸೇರುವವರು ಮೊದಲೇ ಒಬ್ಬರಿಗೊಬ್ಬರು ಗೊತ್ತಿರುವವರು. ಗೊತ್ತಿರುವವರು ಗೊತ್ತಿರುವವರನ್ನು ಕರೆತರುತ್ತಾರೆ. ಯಾರ ಸಂಪರ್ಕದಲ್ಲಿಯೂ ಇಲ್ಲದವನು ಹೊರಗೇ ಉಳಿಯುತ್ತಾನೆ. ಅವನನ್ನು ಕಾಣಬೇಕಾದರೆ ಊರಿಗೆ ಹೋಗಬೇಕು, ಅವನ ಅಣ್ಣತಮ್ಮಂದಿರನ್ನು ಕೇಳಬೇಕು, ಜಾತ್ರೆಯ ದಿನ ಪರಸ್ಥಳದಿಂದ ಬಂದವರಲ್ಲಿ ವಿಚಾರಿಸಬೇಕು. ತಿಳಿಯದೆ ಹೋದರೆ ಹೆಸರಿನ ಮುಂದೆ ‘ತಿಳಿದುಬಂದಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆಯಬೇಕು. ಮುಂದೆ ಓದುವ ಯಾರೋ ಒಬ್ಬರು ಅದನ್ನು ತುಂಬಿಯಾರು. ಅಚ್ಚಾಗದ ಹೆಸರನ್ನು ತುಂಬುವವರು ಯಾರೂ ಇಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೂ ವಿಚಾರಿಸಬೇಕು. ನಪಾಸಾದವರ, ಬಿಟ್ಟುಹೋದವರ ಹೆಸರುಗಳನ್ನು ಅಚ್ಚು ಹಾಕಿದರೆ ಸಂಸ್ಥೆಯ ಕೀರ್ತಿಗೆ ಕುಂದಲ್ಲವೆ ಎಂಬುದು ಒಂದು. ಶಾಲೆಯ ಕೀರ್ತಿ ಕೇವಲ ಜಿಲ್ಲಾಧಿಕಾರಿಗಳಿಂದ ಬಂದದ್ದಲ್ಲ. ಒಂಬತ್ತನೆಯ ತರಗತಿಗೆ ಬಿಟ್ಟರೂ ಲೆಕ್ಕ ಬಲ್ಲವನಾಗಿ ಸಹಕಾರಿ ಸಂಘದ ವಹಿಯನ್ನು ನೆಟ್ಟಗಿಟ್ಟವನು, ತಾನು ಓದಲಾಗದಿದ್ದರೂ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿದ ತಾಯಿ, ಸುಗ್ಗಿಯಾದೊಡನೆ ಪ್ರಸಾದ ನಿಲಯಕ್ಕೆ ಒಂದು ಚೀಲ ಜೋಳ ಇಳಿಸಿ ರಸೀದಿಗೂ ಕಾಯದೆ ಗಾಡಿ ತಿರುಗಿಸಿದ ರೈತ, ಇವರೂ ಶಾಲೆಯ ಫಲಗಳೇ. ಹಡಪದ, ಅಂಬಿಗ, ಮಡಿವಾಳ ಎಂಬ ಕಾಯಕದ ಹೆಸರುಗಳೊಡನೆಯೇ ಶರಣರನ್ನು ಗೌರವದಿಂದ ನೆನೆಯುವ ಪರಂಪರೆಯ ಸಂಸ್ಥೆಗಳು ಈ ವಿಷಯದಲ್ಲಿ ಸಂಕೋಚಪಡಬೇಕಾಗಿಲ್ಲ.

ಎಲ್ಲರೂ ತಮ್ಮನ್ನು ಹುಡುಕಲೆಂದು ಬಯಸುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪಣೆ. ಇದು ತೂಕದ ಮಾತು. ಹೆಸರು, ಸೇರಿದ ವರ್ಷ, ಬಿಟ್ಟ ವರ್ಷಗಳಿಗಿಂತ ಹೆಚ್ಚಿನದನ್ನು ಅವರವರ ಒಪ್ಪಿಗೆಯಿಲ್ಲದೆ ಅಚ್ಚಿಸಬಾರದು. ಶಾಲೆ ಬಿಟ್ಟ ಕಾರಣ, ಅಂಕಗಳು, ಇಂದಿನ ವಿಳಾಸ, ದೂರವಾಣಿ ಸಂಖ್ಯೆಗಳನ್ನಂತೂ ಕೂಡದು. ಹೆಸರೂ ಬೇಡವೆಂದವರ ಮಾತನ್ನು ನಡೆಸಬೇಕು. ವೈಯಕ್ತಿಕ ದತ್ತಾಂಶದ ರಕ್ಷಣೆಗೆ ೨೦೨೩ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿದೆ. ಕಾಯಿದೆ ಇಲ್ಲದಿದ್ದರೂ ಮರ್ಯಾದೆ ಇದನ್ನೇ ಹೇಳುತ್ತದೆ. ಹುಡುಕಿದವರು ಬಂದು ಬಾಗಿಲು ತಟ್ಟಿದರೆಂಬುದೇ ಕೆಲವರಿಗೆ ಸಾಕು. ಅದು ಅಚ್ಚಾಗಬೇಕೆಂದೇನೂ ಇಲ್ಲ.

ಕೆಲಸ ಬಹಳ, ಮಾಡುವವರು ಯಾರು ಎಂಬುದು ಮೂರನೆಯ ಆಕ್ಷೇಪಣೆ. ಹಂಚಿಕೊಂಡರೆ ಭಾರವಲ್ಲ. ಅಧ್ಯಾಪಕರು ಒಂದೊಂದು ವರ್ಷದ ದಾಖಲಾತಿಯನ್ನು ಶುದ್ಧ ಪ್ರತಿ ಮಾಡಿ ಕೊಡಬಹುದು. ಮೇಲಿನ ತರಗತಿಯ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡರೆ ಅವರಿಗೆ ಇತಿಹಾಸದ ಪಾಠವೂ ಆಗುತ್ತದೆ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ತರಗತಿಯ ಹೆಸರುಗಳನ್ನು ಊರುವಾರು ಹಂಚಿಕೊಂಡು ವಿಚಾರಿಸಬಹುದು. ದಾನಿಗಳಲ್ಲಿ ಒಂದು ವಿಶೇಷ ಬಿನ್ನಹ: ಕಟ್ಟಡಕ್ಕೆ ಕೊಡುವವರು ಅನೇಕರಿದ್ದಾರೆ, ಗೆದ್ದಲು ಹಿಡಿಯುತ್ತಿರುವ ದಾಖಲಾತಿ ಪುಸ್ತಕಗಳಿಗೆ ಒಂದು ಉಕ್ಕಿನ ಕಪಾಟು, ಅವುಗಳ ಪುಟಗಳಿಗೆ ಛಾಯಾಪ್ರತಿ, ಇವುಗಳಿಗೆ ಕೊಡುವವರು ವಿರಳ. ಒಂದು ಕೋಣೆಯ ವೆಚ್ಚದ ಅಲ್ಪಾಂಶದಲ್ಲಿ ಒಂದು ಶಾಲೆಯ ಸಮಸ್ತ ಮಕ್ಕಳ ಹೆಸರುಗಳು ಉಳಿಯುತ್ತವೆ.

ಈ ಕಾರ್ಯಕ್ಕೆ ಕಾಲ ಕಾಯುವುದಿಲ್ಲ. ೧೯೭೦ರಲ್ಲಿ ಎಂಟನೆಯ ತರಗತಿಗೆ ಸೇರಿದವರು ಇಂದು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಅವರಿಗೆ ಕಲಿಸಿದ ಗುರುಗಳಲ್ಲಿ ಉಳಿದವರು ವಿರಳ. ‘ನಮ್ಮ ಜೊತೆ ಒಬ್ಬನಿದ್ದ, ಹಾಡು ಚೆನ್ನಾಗಿ ಹೇಳುತ್ತಿದ್ದ, ಬರದ ವರ್ಷ ಬಿಟ್ಟುಹೋದ’ ಎಂದು ನೆನೆಸಿಕೊಳ್ಳಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ದಾಖಲೆ ಹೆಸರನ್ನು ಕೊಡುತ್ತದೆ; ಆ ಹೆಸರಿನವನು ಹಾಡು ಹೇಳುತ್ತಿದ್ದನೆಂಬುದನ್ನು ಒಡನೆ ಓದಿದವರೇ ಹೇಳಬೇಕು. ಎರಡೂ ಒಂದೆಡೆ ಸೇರುವ ಅವಕಾಶ ಇನ್ನು ಕೆಲವೇ ವರ್ಷಗಳದು.

ಮುಂದಿನ ಮಹೋತ್ಸವದ ಸಂಚಿಕೆಯಲ್ಲಿ ಸಾಧಕರ ಪಟ್ಟಿ ಇರಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅದರ ಪಕ್ಕದಲ್ಲಿ ಒಂದು ತರಗತಿಯದಾದರೂ ಪೂರ್ಣ ಪಟ್ಟಿ ಅಚ್ಚಾಗಲಿ: ಸೇರಿದವರೆಲ್ಲರದು, ಸೇರಿದ ಕ್ರಮದಲ್ಲಿ, ಪದವಿ ಬಿರುದುಗಳ ಹಂಗಿಲ್ಲದೆ. ಸಮಾರಂಭದ ದಿನ ಆ ಹೆಸರುಗಳನ್ನು ಹಾಜರಿ ಕರೆಯುವಂತೆ ಒಮ್ಮೆ ಗಟ್ಟಿಯಾಗಿ ಓದಲಿ. ಉತ್ತರ ಕೊಡುವವರು ಕೊಡುತ್ತಾರೆ. ಉತ್ತರ ಬಾರದ ಹೆಸರುಗಳ ಮುಂದೆ ಒಂದು ಕ್ಷಣ ನಿಂತು ಮುಂದುವರಿದರೆ, ಶಾಲೆಯು ತನ್ನ ಮಕ್ಕಳೆಲ್ಲರನ್ನೂ ನೆನೆದಂತಾಗುತ್ತದೆ.